ಪೊಟ್ಟಣದ ಹಿಂದಿನ ವಿಳಾಸ: ಕುರುಕುತಿಂಡಿಯ ವ್ಯಾಪಾರವು ಕೂಪನ್‌ನಿಂದ ಇಮೇಲ್‌ಗೆ ಬಂದ ಬಗೆ

ಕುರುಕುತಿಂಡಿಯ ವ್ಯಾಪಾರಕ್ಕೆ ಮೊದಲಿನಿಂದಲೂ ಒಂದು ತೊಡಕು ಅಂಟಿಕೊಂಡಿದೆ. ಹೊಲಿಗೆಯಂತ್ರವನ್ನೋ ಗಡಿಯಾರವನ್ನೋ ಮಾರುವವನು ಗಿರಾಕಿಯ ಹೆಸರನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬಲ್ಲನು. ಆದರೆ ಪುಡಿಗಾಸಿಗೆ ಮಾರಾಟವಾಗಿ ಗಳಿಗೆಯೊಳಗೆ ತಿಂದು ಮುಗಿಯುವ ಪೊಟ್ಟಣವನ್ನು ತಯಾರಿಸುವವನಿಗೂ ಅದನ್ನು ತಿನ್ನುವವರಿಗೂ ನಡುವೆ ಸಗಟು ವ್ಯಾಪಾರಿ, ಲಾರಿಯವನು, ಅಂಗಡಿಯವನು ನಿಂತಿರುವುದರಿಂದ, ತಿಂದವರು ಯಾರು, ಎಲ್ಲಿಯವರು, ಮತ್ತೊಮ್ಮೆ ಕೊಳ್ಳುವರೇ ಎಂಬುದು ತಯಾರಕನಿಗೆ ತಿಳಿಯುವುದೇ ಇಲ್ಲ. ಗಿರಾಕಿಗಳ ವಿಳಾಸಗಳನ್ನು ಕಲೆಹಾಕಿ, ಅವರ ಅಂತರ್ಜಾಲದ ಅಂಚೆಪೆಟ್ಟಿಗೆಗೆ ನೇರವಾಗಿ ಪತ್ರ ಕಳಿಸಿ ಮಾರಾಟಕ್ಕೆ ಎಳೆಯುವ ಕ್ರಮವನ್ನು ಇಮೇಲ್ ಪ್ರಚಾರ ಎಂದು ಕರೆಯುತ್ತಾರೆ, ಮತ್ತು ಅದನ್ನು ಗಣಕಯಂತ್ರದ ಕಾಲದ ಹೊಸ ಕಸುಬೆಂದು ಬಗೆಯುವುದು ರೂಢಿಯಾಗಿದೆ. ಕುರುಕುತಿಂಡಿಯ ಮಟ್ಟಿಗೆ ಆ ಕಸುಬಿನ ಮುಖ್ಯ ಉಪಾಯಗಳೆಲ್ಲ ಅದಕ್ಕಿಂತ ಬಹಳ ಹಿಂದೆಯೇ, ಕಾಗದ ಮತ್ತು ಅಂಚೆಚೀಟಿಯ ಕಾಲದಲ್ಲಿಯೇ ಸಿದ್ಧವಾಗಿದ್ದವು ಎಂಬುದನ್ನು ಅಮೆರಿಕದ ತಿಂಡಿ ಉದ್ಯಮದ ಚರಿತ್ರೆ ತೋರಿಸುತ್ತದೆ.

ಅಮೆರಿಕದ ದಿನಸಿ ಅಂಗಡಿಗಳಲ್ಲಿ 19ನೆಯ ಶತಮಾನದ ಬಹುಭಾಗ ಬಿಸ್ಕತ್ತುಗಳು ತೆರೆದ ಪೀಪಾಯಿಗಳಲ್ಲಿ ಬರುತ್ತಿದ್ದವು. ಅಂಗಡಿಯವನು ಅಳೆದು ಕಾಗದದಲ್ಲಿ ಕಟ್ಟಿಕೊಡುತ್ತಿದ್ದುದರಿಂದ ಗಿರಾಕಿಗೆ ಗೊತ್ತಿದ್ದುದು ಅಂಗಡಿಯವನ ಹೆಸರೇ ಹೊರತು ಬೇಕರಿಯ ಹೆಸರಲ್ಲ. ಹಲವು ಬೇಕರಿಗಳು ಒಂದಾಗಿ 1898ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬಿಸ್ಕಿಟ್ ಕಂಪನಿಯು, ಒಳಗೆ ಮೇಣದ ಕಾಗದ ಹೊದಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ‘ಯೂನೀಡಾ’ ಎಂಬ ಬಿಸ್ಕತ್ತನ್ನು ಮಾರಲು ತೊಡಗಿದಾಗ ಈ ಸಂಬಂಧ ತಲೆಕೆಳಗಾಯಿತು. ತಿಂಡಿಯು ತೇವ ತಾಗದೆ ಗರಿಗರಿಯಾಗಿ ದೂರದ ಊರುಗಳಿಗೆ ಹೋಗಬಲ್ಲದಾಯಿತು, ಪೆಟ್ಟಿಗೆಯ ಮೇಲೆ ತಯಾರಕನ ಹೆಸರು ಅಚ್ಚಾಯಿತು. ಅಂಗಡಿಯವನು ತನ್ನ ಗಿರಾಕಿಯನ್ನು ಕಣ್ಣಾರೆ ಕಂಡು ಪಡೆಯುತ್ತಿದ್ದ ತಿಳಿವಳಿಕೆ ಮಾತ್ರ ತಯಾರಕನವರೆಗೆ ತಲುಪಲಿಲ್ಲ. ಕನ್ನಡನಾಡಿನ ಊರುಗಳಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳನ್ನು ಕರಿದು ಮಾರುವ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಈ ತೊಡಕು ಇಂದಿಗೂ ಹುಟ್ಟುವುದಿಲ್ಲ, ಏಕೆಂದರೆ ಕರಿಯುವವರೂ ಮಾರುವವರೂ ಅಲ್ಲಿ ಒಂದೇ ಸೂರಿನ ಕೆಳಗಿರುತ್ತಾರೆ, ಮತ್ತು ಖಾರ ಹೆಚ್ಚಾಯಿತೆಂಬ ದೂರು ಮರುದಿನವೇ ಬಾಣಲೆಯ ಬಳಿಗೆ ತಲುಪುತ್ತದೆ.

ಕಳೆದುಹೋದ ಗಿರಾಕಿಯನ್ನು ಮತ್ತೆ ಕಂಡುಕೊಳ್ಳಲು ಪೊಟ್ಟಣವನ್ನೇ ಬಳಸಬಹುದೆಂಬುದು 20ನೆಯ ಶತಮಾನದ ಮೊದಲ ದಶಕದ ಕಾಣ್ಕೆ. ಚಿಕಾಗೋ ನಗರದ ರೂಕ್‌ಹೈಮ್ ಸಹೋದರರು ಮೆಕ್ಕೆಜೋಳದ ಅರಳು ಮತ್ತು ಕಡಲೆಕಾಯಿಗಳಿಗೆ ಕಾಕಂಬಿಯ ಪಾಕ ಹಿಡಿಸಿ, 1896ರಿಂದ ‘ಕ್ರ್ಯಾಕರ್ ಜ್ಯಾಕ್’ ಎಂಬ ಹೆಸರಿನಲ್ಲಿ ಮಾರುತ್ತಿದ್ದ ತಿಂಡಿಯ ಪೆಟ್ಟಿಗೆಗಳಲ್ಲಿ 1910ರ ಸುಮಾರಿಗೆ ಕೂಪನ್‌ಗಳು, ಅಂದರೆ ಕೂಡಿಟ್ಟು ಸಾಮಾನುಗಳಿಗೆ ಬದಲಾಯಿಸಿಕೊಳ್ಳಬಹುದಾದ ಚೀಟಿಗಳು ಕಾಣಿಸಿಕೊಂಡವು. ಎರಡು ವರ್ಷಗಳ ತರುವಾಯ, 1912ರಲ್ಲಿ, ಕಂಪನಿಯು ಚೀಟಿಗಳ ಬದಲು ಮಕ್ಕಳ ಆಟಿಕೆಗಳನ್ನೇ ಪೆಟ್ಟಿಗೆಯೊಳಗೆ ಹಾಕಿತು, ಮತ್ತು ಆ ಆಟಿಕೆಗಳೇ ಮುಂದೆ ತಿಂಡಿಯ ಗುರುತಾದವು. ಮಾರಾಟದ ದೃಷ್ಟಿಯಿಂದ ಇದು ಜಾಣ ನಡೆಯೇ ಆದರೂ ಅದರಲ್ಲಿ ಒಂದು ನಷ್ಟವೂ ಅಡಗಿತ್ತೆಂದು ಹೇಳಬೇಕಾಗುತ್ತದೆ: ಚೀಟಿಯನ್ನು ಬದಲಾಯಿಸಿಕೊಳ್ಳಲು ಬಯಸುವವನು ತನ್ನ ಹೆಸರನ್ನು ಕಂಪನಿಗೆ ತಿಳಿಸಲೇಬೇಕು, ಆದರೆ ಪೆಟ್ಟಿಗೆಯಲ್ಲಿ ಆಟಿಕೆ ದೊರೆತ ಮಗು ಯಾರಿಗೂ ಏನನ್ನೂ ಬರೆಯಬೇಕಾಗಿಲ್ಲ. ಇಟಲಿಯಿಂದ ವಲಸೆ ಬಂದ ಅಮೆಡಿಯೊ ಒಬಿಚಿ ತನ್ನ ಜೊತೆಗಾರ ಮಾರಿಯೊ ಪೆರೂಟ್ಸಿಯೊಡನೆ ಪೆನ್ಸಿಲ್ವೇನಿಯದ ವಿಲ್ಕ್ಸ್-ಬ್ಯಾರಿಯಲ್ಲಿ 1906ರಲ್ಲಿ ತೆರೆದ ಪ್ಲಾಂಟರ್ಸ್ ಕಂಪನಿಯು, ಹುರಿದ ಕಡಲೆಬೀಜದ ಪೊಟ್ಟಣಗಳಲ್ಲಿ ಒಬಿಚಿಯ ಹೆಸರಿನ ಒಂದೊಂದು ಅಕ್ಷರವನ್ನಿಟ್ಟು, ಪೂರ್ತಿ ಹೆಸರನ್ನು ಕೂಡಿಸಿದವರಿಗೆ ಗಡಿಯಾರ ಕೊಡುವ ಯೋಜನೆ ಹೂಡಿತು. ಅದೇ ಕಂಪನಿ 1916ರಲ್ಲಿ ಲಾಂಛನಕ್ಕಾಗಿ ಏರ್ಪಡಿಸಿದ ಸ್ಪರ್ಧೆಯಲ್ಲಿ ವರ್ಜೀನಿಯದ ಸಫಕ್ ಊರಿನ ಶಾಲಾಬಾಲಕ ಆಂಟೋನಿಯೊ ಜೆಂಟಿಲೆ ಬರೆದು ಕಳಿಸಿದ ಕಡಲೆಕಾಯಿ ಮನುಷ್ಯನ ಚಿತ್ರ ಗೆದ್ದಿತು. ತಿನ್ನುವವರ ಕೈಯಿಂದಲೇ ಕಂಪನಿಯ ಗುರುತು ಹುಟ್ಟಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಇಂಥ ಯೋಜನೆಗಳು ದೇಶವ್ಯಾಪಿಯಾಗಲು ಅಂಚೆಯ ಬೆಳವಣಿಗೆಯೇ ಆಧಾರವಾಯಿತು. ಹಳ್ಳಿಯ ಮನೆಬಾಗಿಲಿಗೇ ಪತ್ರ ತಲುಪಿಸುವ ವ್ಯವಸ್ಥೆ ಅಮೆರಿಕದಲ್ಲಿ 1896ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿತ್ತು; 1913ರ ಜನವರಿ 1ರಿಂದ ಸರ್ಕಾರಿ ಪಾರ್ಸೆಲ್ ಅಂಚೆಯೂ ಅದಕ್ಕೆ ಕೂಡಿಕೊಂಡಿತು. ಕುರುಕುತಿಂಡಿಯ ನೆರೆಯ ಉದ್ಯಮವಾದ ಉಪಾಹಾರದ ಧಾನ್ಯಗಳ ವ್ಯಾಪಾರ ಅಂಚೆಯ ಅನುಕೂಲವನ್ನು ಬಲು ಬೇಗ ಹೀರಿಕೊಂಡಿತು. ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ 1906ರಲ್ಲಿ ಕಂಪನಿ ಕಟ್ಟಿದ ಡಬ್ಲ್ಯೂ. ಕೆ. ಕೆಲಾಗ್, ಪ್ರಾಣಿಗಳ ತಲೆ, ಮುಂಡ, ಕಾಲುಗಳನ್ನು ಅದಲುಬದಲು ಮಾಡಿ ನೋಡಬಹುದಾದ ಮಕ್ಕಳ ಚಿತ್ರಪುಸ್ತಿಕೆಯೊಂದನ್ನು 1909ರಲ್ಲಿ ಹೊರತಂದನು. ಎರಡು ಪೆಟ್ಟಿಗೆ ಕೊಂಡವರಿಗೆ ಅದು ಮೊದಲು ಅಂಗಡಿಯಲ್ಲಿಯೇ ಸಿಗುತ್ತಿತ್ತು, ಆಮೇಲೆ ಹತ್ತು ಸೆಂಟುಗಳೊಡನೆ ವಿಳಾಸ ಬರೆದು ಕಳಿಸಿದವರಿಗೆ ಅಂಚೆಯ ಮೂಲಕ ಬರತೊಡಗಿತು. ಈ ಬದಲಾವಣೆ ಸಣ್ಣದಾಗಿ ಕಂಡರೂ ಅದರ ಪರಿಣಾಮ ದೊಡ್ಡದು, ಏಕೆಂದರೆ ಇಲ್ಲಿಂದ ಮುಂದೆ ತಿನ್ನುವವರ ಮನೆಯೊಂದಿಗೆ ಪತ್ರವ್ಯವಹಾರ ಇಟ್ಟುಕೊಂಡವನು ಅಂಗಡಿಯವನಲ್ಲದೆ ತಯಾರಕನಾದನು, ಮತ್ತು ಅಂಚೆಯ ಖರ್ಚಿನ ಒಂದು ಪಾಲನ್ನು ಗಿರಾಕಿಯೇ ಭರಿಸಿದ್ದರಿಂದ ಅಗ್ಗದ ಸರಕಿಗೂ ಈ ವ್ಯವಹಾರ ಗಿಟ್ಟುವಂತಾಯಿತು.

ಕೂಪನ್‌ನಿಂದ ವಿಳಾಸವಷ್ಟೇ ಅಲ್ಲದೆ ತಿಳಿವಳಿಕೆಯನ್ನೂ ಪಡೆಯಬಹುದೆಂದು ಶಾಸ್ತ್ರೀಯವಾಗಿ ವಾದಿಸಿದವನು ಚಿಕಾಗೋದ ಜಾಹೀರಾತು ಬರಹಗಾರ ಕ್ಲಾಡ್ ಹಾಪ್ಕಿನ್ಸ್. ಅವನು ಕೈಗೆತ್ತಿಕೊಂಡ ಸರಕುಗಳಲ್ಲಿ ಕ್ವೇಕರ್ ಓಟ್ಸ್ ಕಂಪನಿಯ ಉಬ್ಬಿದ ಅಕ್ಕಿ ಮತ್ತು ಗೋಧಿಯೂ ಸೇರಿದ್ದವು. ದಾವಣಗೆರೆಯ ಭಟ್ಟಿಗಳಲ್ಲಿ ಕಾದ ಮರಳಿನಲ್ಲಿ ಹುರಿದು ಅರಳಿಸುವ ಮಂಡಕ್ಕಿಯ ದೂರದ ನೆಂಟನಂತಿದ್ದ ಈ ತಿಂಡಿಯನ್ನು ಸಸ್ಯವಿಜ್ಞಾನಿ ಅಲೆಕ್ಸಾಂಡರ್ ಆಂಡರ್ಸನ್ ಒತ್ತಡದ ಕೊಳವೆಗಳಲ್ಲಿ ಧಾನ್ಯವನ್ನು ಕಾಯಿಸಿ ಥಟ್ಟನೆ ಹೊರಬಿಟ್ಟು ತಯಾರಿಸಿದ್ದನು. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಫಿರಂಗಿಗಳಿಂದಲೇ ಅಕ್ಕಿಯನ್ನು ಹಾರಿಸಿ ತೋರಿಸಲಾಗಿತ್ತು. ಬಂದೂಕಿನಿಂದ ಹಾರಿಬಂದ ಆಹಾರವೆಂಬ ಆ ಸಂಗತಿಯನ್ನೇ ಹಾಪ್ಕಿನ್ಸ್ ಜಾಹೀರಾತಿನ ತಿರುಳಾಗಿ ಮಾಡಿಕೊಂಡನು. ಅವನ ಹೆಚ್ಚಿನ ಕೊಡುಗೆ ವಿಧಾನದಲ್ಲಿದೆ. ಒಂದೇ ಸರಕಿಗೆ ಎರಡು ಬಗೆಯ ಜಾಹೀರಾತು ಬರೆದು, ಪ್ರತಿಯೊಂದರ ಕೂಪನ್‌ಗೂ ಬೇರೆ ಬೇರೆ ಗುರುತು ಹಾಕಿ, ಯಾವುದರಿಂದ ಹೆಚ್ಚು ಕೂಪನ್‌ಗಳು ಮರಳಿದವು ಎಂದು ಎಣಿಸಿ, ಸೋತದ್ದನ್ನು ಕೈಬಿಡುವ ಈ ಕ್ರಮವನ್ನು ಅವನು 1923ರಲ್ಲಿ ಪ್ರಕಟವಾದ ತನ್ನ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಪುಸ್ತಕದಲ್ಲಿ ವಿವರಿಸಿದನು. ಗಿರಾಕಿಗಳ ಪಟ್ಟಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಒಂದು ಶೀರ್ಷಿಕೆಯ ಪತ್ರವನ್ನೂ ಇನ್ನೊಂದಕ್ಕೆ ಬೇರೆ ಶೀರ್ಷಿಕೆಯ ಪತ್ರವನ್ನೂ ಕಳಿಸಿ ಫಲ ನೋಡುವ ಇಂದಿನ ‘ಎ/ಬಿ ಪರೀಕ್ಷೆ’ಯು ಇದೇ ಕ್ರಮದ ವೇಗದ ರೂಪ. ಮಾದರಿ ಪೊಟ್ಟಣಗಳನ್ನು ಸಿಕ್ಕಸಿಕ್ಕವರ ಬಾಗಿಲಿಗೆ ಎಸೆಯಬಾರದು, ಆಸಕ್ತಿ ತೋರಿಸಿ ಕೇಳಿದವರಿಗಷ್ಟೇ ಕೊಡಬೇಕು ಎಂದೂ ಅವನು ಒತ್ತಿ ಹೇಳಿದ್ದಾನೆ. ಮುಂದಿನ ಶತಮಾನದ ಇಮೇಲ್ ವ್ಯಾಪಾರ ಬಹಳ ಪೆಟ್ಟು ತಿಂದು ಕಲಿತ ಪಾಠ ಅಲ್ಲಿಯೇ ಅಚ್ಚಾಗಿತ್ತು ಎಂಬುದು ಗಮನಾರ್ಹ.

ಆಲೂಗಡ್ಡೆ ಚಿಪ್ಸ್ ಉದ್ಯಮ ಬೆಳೆದ ದಶಕಗಳಲ್ಲಿ ತಯಾರಕರ ಗಮನ ವಿಳಾಸಕ್ಕಿಂತ ಹೆಚ್ಚಾಗಿ ಅಂಗಡಿಯ ಕಪಾಟಿನ ಮೇಲಿತ್ತು. ಕ್ಯಾಲಿಫೋರ್ನಿಯದ ಲಾರಾ ಸ್ಕಡರ್ 1926ರಲ್ಲಿ ಮೇಣದ ಕಾಗದದ ಚೀಲಗಳಲ್ಲಿ ಚಿಪ್ಸ್ ತುಂಬಿಸಲು ಆರಂಭಿಸಿದ್ದು, ಫ್ರಿಟೊ ಮತ್ತು ಲೇ ಕಂಪನಿಗಳು 1961ರಲ್ಲಿ ಒಂದಾದದ್ದು, ಬಾರ್‌ಕೋಡ್ ಓದುವ ಯಂತ್ರದ ಮುಂದೆ 1974ರ ಜೂನ್ 26ರಂದು ಓಹಾಯೊದ ಟ್ರಾಯ್ ಊರಿನಲ್ಲಿ ಮೊದಲು ಹಾದ ಸರಕು ಚೂಯಿಂಗ್ ಗಮ್ ಪೊಟ್ಟಣವಾಗಿದ್ದುದು ಇವೆಲ್ಲ ಆ ದಾರಿಯ ಮೈಲಿಗಲ್ಲುಗಳು. ಫ್ರಿಟೊ-ಲೇ ಕಂಪನಿಯು 1980ರ ದಶಕದ ನಡುವಿನಲ್ಲಿ ತನ್ನ ಸಾವಿರಾರು ಮಾರಾಟಗಾರರ ಕೈಗೆ ಸಣ್ಣ ಗಣಕಗಳನ್ನು ಕೊಟ್ಟಾಗ, ಯಾವ ಅಂಗಡಿಯಲ್ಲಿ ಯಾವ ರುಚಿಯ ಚೀಲ ಎಷ್ಟು ಹೋಯಿತೆಂಬುದು ಅದಕ್ಕೆ ಬಹು ಬೇಗ ತಿಳಿಯುವಂತಾಯಿತು. ಚೀಲ ಯಾರ ಮನೆಗೆ ಹೋಯಿತೆಂಬುದು ಆಗಲೂ ತಿಳಿಯಲಿಲ್ಲ.

ಗಣಕಗಳ ನಡುವಿನ ಅಂಚೆಯನ್ನು ರೇ ಟಾಮ್ಲಿನ್ಸನ್ 1971ರಲ್ಲಿ ಸಾಧ್ಯವಾಗಿಸಿದ ಏಳು ವರ್ಷಗಳಲ್ಲಿಯೇ ಅದು ವ್ಯಾಪಾರಕ್ಕೆ ಬಳಕೆಯಾಯಿತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್ 1978ರ ಮೇ 3ರಂದು ಸುಮಾರು 400 ಮಂದಿಗೆ ಗಣಕಗಳ ಪ್ರದರ್ಶನಕ್ಕೆ ಕರೆದು ಕಳಿಸಿದ ಒಂದೇ ಪತ್ರವು ಮಾರಾಟವನ್ನೂ ತಂದಿತು, ಕೇಳದೆ ಬಂದ ಪತ್ರವೆಂಬ ಕಾರಣಕ್ಕೆ ಕಟುವಾದ ದೂರುಗಳನ್ನೂ ತಂದಿತು. ಇಮೇಲ್ ವಿಳಾಸ ಸಾಮಾನ್ಯ ಮನೆಗಳಿಗೆ ಬಂದದ್ದು 1996ರ ಜುಲೈ 4ರಂದು ಆರಂಭವಾದ ಹಾಟ್‌ಮೇಲ್‌ನಂಥ ಉಚಿತ ಸೇವೆಗಳಿಂದ. ಅದರ ಸ್ಥಾಪಕರಲ್ಲೊಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದು ಓದಿದವರು. ಬಳಕೆದಾರರು ಕಳಿಸುವ ಪ್ರತಿ ಪತ್ರದ ಅಡಿಯಲ್ಲಿಯೂ ಸೇವೆಯ ಜಾಹೀರಾತಿನ ಒಂದು ಸಾಲನ್ನು ಸೇರಿಸಿ ಹಾಟ್‌ಮೇಲ್ ಬೆಳೆದ ರೀತಿ, ಗೆಳೆಯನ ಮೂಲಕ ಗೆಳೆಯನನ್ನು ತಲುಪುವ ಪ್ರಚಾರಕ್ಕೆ ಮಾದರಿಯಾಯಿತು.

ಕಾಗದದ ಪತ್ರಕ್ಕೆ ಅಂಚೆಚೀಟಿಯ ಬೆಲೆಯೇ ಒಂದು ಕಡಿವಾಣವಾಗಿತ್ತು. ಇಮೇಲಿನಲ್ಲಿ ಆ ಕಡಿವಾಣ ಕಳಚಿ ಬಿದ್ದುದರಿಂದ ಹಿತಮಿತವನ್ನು ಹೊರಗಿನಿಂದಲೇ ಹೇರಬೇಕಾಯಿತು. ಸೇತ್ ಗೋಡಿನ್ 1999ರಲ್ಲಿ ಬರೆದ ‘ಪರ್ಮಿಷನ್ ಮಾರ್ಕೆಟಿಂಗ್’ ಎಂಬ ಪುಸ್ತಕವು ಒಪ್ಪಿಗೆ ಕೊಟ್ಟವರಿಗೆ ಮಾತ್ರ ಪತ್ರ ಕಳಿಸುವುದೇ ಲಾಭದ ದಾರಿಯೆಂದು ಸಾರಿತು. ಯುರೋಪಿನ ಒಕ್ಕೂಟದ 2002ರ ನಿರ್ದೇಶನವು ಮುಂಗಡ ಒಪ್ಪಿಗೆಯನ್ನು ನಿಯಮವಾಗಿಸಿದರೆ, 2003ರ ಡಿಸೆಂಬರ್‌ನಲ್ಲಿ ಅಂಕಿತ ಪಡೆದ ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯಿದೆಯು ಮುಂಗಡ ಒಪ್ಪಿಗೆಯನ್ನು ಕೇಳದೆ, ಪ್ರತಿ ಪತ್ರದಲ್ಲಿಯೂ ಕಳಿಸಿದವರ ಅಂಚೆವಿಳಾಸವೂ ಪಟ್ಟಿಯಿಂದ ಹೆಸರು ತೆಗೆಸುವ ದಾರಿಯೂ ಇರಬೇಕೆಂದು, ತೆಗೆಸಲು ಕೇಳಿದವರ ಹೆಸರನ್ನು ಕೆಲಸದ 10 ದಿನಗಳೊಳಗೆ ತೆಗೆಯಬೇಕೆಂದು ವಿಧಿಸಿತು. ಇವೆರಡರಲ್ಲಿ ಯುರೋಪಿನ ಕ್ರಮವೇ ಓದುಗನ ಮಾನಕ್ಕೆ ಹೆಚ್ಚು ಬೆಲೆ ಕೊಡುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಈ ಒಪ್ಪಿಗೆಯ ತತ್ತ್ವವನ್ನು ಕುರುಕುತಿಂಡಿಯಲ್ಲಿ ಪೂರ್ಣವಾಗಿ ಪರೀಕ್ಷೆಗೆ ಒಡ್ಡಿದ್ದು ಬ್ರಿಟನ್ನಿನ ಗ್ರೇಜ್ ಕಂಪನಿ. ಅದು 2008ರ ಸುಮಾರಿಗೆ ಹುರಿದ ಬೀಜ, ಒಣಹಣ್ಣು ಮತ್ತು ಖಾರದ ಮಿಶ್ರಣಗಳನ್ನು ಮನೆಬಾಗಿಲಿನ ಅಂಚೆಕಿಂಡಿಯಲ್ಲಿ ತೂರುವಷ್ಟು ಚಪ್ಪಟೆಯಾದ ಪೆಟ್ಟಿಗೆಯಲ್ಲಿಟ್ಟು ಚಂದಾದಾರರಿಗೆ ಕಳಿಸತೊಡಗಿತು. ಅಂಗಡಿಯೇ ಇಲ್ಲದ ಈ ವ್ಯಾಪಾರದಲ್ಲಿ ಪ್ರತಿಯೊಬ್ಬ ತಿನ್ನುವವರ ಹೆಸರೂ ಮೊದಲ ದಿನದಿಂದಲೇ ತಯಾರಕನ ಬಳಿ ಇರುತ್ತಿತ್ತು. ಚಂದಾದಾರರು ಪ್ರತಿ ತಿಂಡಿಗೂ ಬೇಡ, ರುಚಿ ನೋಡುವೆ, ಹಿಡಿಸಿತು, ಬಹಳ ಹಿಡಿಸಿತು ಎಂಬ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತಿದ್ದರು, ಮುಂದಿನ ಪೆಟ್ಟಿಗೆಯಲ್ಲಿ ಏನಿರಬೇಕೆಂಬುದನ್ನು ಅದರ ಆಧಾರದಿಂದ ಗಣಕವು ಆರಿಸುತ್ತಿತ್ತು, ಮತ್ತು ಗೆಳೆಯರಿಗೆ ಹಂಚಲು ಪ್ರತಿಯೊಬ್ಬರಿಗೂ ರಿಯಾಯಿತಿಯ ಒಂದು ಸಂಕೇತ ದೊರೆಯುತ್ತಿತ್ತು. ಇಂಥ ವ್ಯಾಪಾರದಲ್ಲಿ ಇಮೇಲು ಜಾಹೀರಾತಿನ ಜೊತೆಗೆ ಸೇವೆಯ ಅಂಗವೂ ಆಗುತ್ತದೆ: ತನಗಾಗಿ ಆರಿಸಿದ ತಿಂಡಿಯ ಸುದ್ದಿ ಹೊತ್ತ ಪತ್ರವನ್ನು ಓದುಗನು ತೆರೆಯಲು ಕಾರಣವಿರುತ್ತದೆ, ಎಲ್ಲರಿಗೂ ಒಂದೇ ರೀತಿ ಹೋಗುವ ರಿಯಾಯಿತಿಯ ಕೂಗಿಗೆ ಆ ಕಾರಣ ಇರುವುದಿಲ್ಲ. ಹಾಗಿದ್ದೂ ಗ್ರೇಜ್ ಬೆಳೆಯಲು ಕೊನೆಗೆ ಅಂಗಡಿಯ ಕಪಾಟನ್ನೇ ಆಶ್ರಯಿಸಬೇಕಾಯಿತು, ಮತ್ತು 2019ರಲ್ಲಿ ಅದನ್ನು ಯೂನಿಲಿವರ್ ಕೊಂಡುಕೊಂಡಿತು. ಕುರುಕುತಿಂಡಿ ಹಸಿವಾದ ಗಳಿಗೆಯಲ್ಲಿ ಕೈಗೆಟುಕಬೇಕಾದ ಸರಕು ಎಂಬ ಸತ್ಯವನ್ನು ಎಷ್ಟೇ ಒಳ್ಳೆಯ ಪಟ್ಟಿಯೂ ಬದಲಿಸಲಾರದು.

ದೊಡ್ಡ ಕಂಪನಿಗಳು ಪ್ಲಾಂಟರ್ಸ್‌ನ ಹಳೆಯ ಸ್ಪರ್ಧೆಯ ದಾರಿಯನ್ನು ಹಿಡಿದವು. ಚಿಪ್ಸ್‌ಗೆ ಹೊಸ ರುಚಿ ಸೂಚಿಸಿರೆಂದು ವಾಕರ್ಸ್ ಬ್ರಿಟನ್ನಿನಲ್ಲಿ 2008ರಲ್ಲಿಯೂ ಲೇಸ್ ಅಮೆರಿಕದಲ್ಲಿ 2012ರಲ್ಲಿಯೂ ಜನರನ್ನು ಕರೆದವು. ಅಮೆರಿಕದಲ್ಲಿ 38 ಲಕ್ಷದಷ್ಟು ಸೂಚನೆಗಳು ಬಂದವು. ಸ್ಪರ್ಧೆಗೆ ಬರೆದವನು ಫಲಿತಾಂಶದ ಪತ್ರವನ್ನು ತಾನಾಗಿ ಕಾಯುವುದರಿಂದ ಒಪ್ಪಿಗೆಯ ಪ್ರಶ್ನೆ ಇಲ್ಲಿ ಸಹಜವಾಗಿ ಬಗೆಹರಿಯುತ್ತದೆ.

ಭಾರತದಲ್ಲಿ ಈ ಚರಿತ್ರೆ ಬೇರೆ ಹಾದಿಯಲ್ಲಿ ಸಾಗಿತು. ಸರಕು ಕೈಸೇರಿದಾಗ ಅಂಚೆಯವನಿಗೇ ಹಣ ಕೊಡುವ ವಿ.ಪಿ.ಪಿ. ಪದ್ಧತಿ ಇಲ್ಲಿ 1877ರಲ್ಲಿಯೇ ಬಂದಿದ್ದರೂ ಕರಿದ ತಿಂಡಿ ಅಂಚೆಯ ಸರಕಾಗಿ ಬೆಳೆಯಲಿಲ್ಲ. ಬೆಂಗಳೂರಿನಲ್ಲಿ 1924ರಲ್ಲಿ ಹುಟ್ಟಿದ ಎಂ.ಟಿ.ಆರ್. ಸಂಸ್ಥೆಯು ತುರ್ತುಪರಿಸ್ಥಿತಿಯ ಕಾಲದ ಬೆಲೆ ನಿಯಂತ್ರಣಗಳಿಂದ ಹೋಟೆಲು ನಡೆಸುವುದು ಕಷ್ಟವಾದಾಗ ಸಿದ್ಧ ಮಿಶ್ರಣಗಳನ್ನು ಪೊಟ್ಟಣಗಳಲ್ಲಿ ಮಾರುವತ್ತ ತಿರುಗಿದುದು, ಎದುರಿಗೆ ಕುಳಿತ ಗಿರಾಕಿಯಿಂದ ಕಾಣದ ಗಿರಾಕಿಯೆಡೆಗೆ ಕನ್ನಡನಾಡಿನ ತಿಂಡಿ ವ್ಯಾಪಾರ ಇಟ್ಟ ಹೆಜ್ಜೆಗಳಲ್ಲಿ ಮುಖ್ಯವಾದದ್ದು. 5 ಮತ್ತು 10 ರೂಪಾಯಿಯ ಪೊಟ್ಟಣಗಳು ಬೀದಿಯಂಗಡಿಯಲ್ಲಿ ತೂಗಾಡುವ ಈ ಮಾರುಕಟ್ಟೆಯಲ್ಲಿ ಇಮೇಲಿಗಿಂತ ಮೊಬೈಲಿನ ಸಂದೇಶವೇ ಪ್ರಚಾರದ ಹಾದಿಯಾಯಿತು, ಹೀಗಾಗಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2010ರಲ್ಲಿಯೂ 2018ರಲ್ಲಿಯೂ ತಂದ ನಿಯಮಗಳು ಕರೆ ಮತ್ತು ಸಂದೇಶಗಳನ್ನೇ ಉದ್ದೇಶಿಸಿದ್ದವು. ಗಿರಾಕಿಯ ವಿಳಾಸವನ್ನು ಅವನ ಸ್ವಂತ ಮಾಹಿತಿಯೆಂದು ಗುರುತಿಸಿ ಅದರ ಬಳಕೆಗೆ ಒಪ್ಪಿಗೆಯನ್ನು ತಳಹದಿಯಾಗಿಸಿದ ಕೇಂದ್ರ ಕಾಯಿದೆ ಬಂದದ್ದು 2023ರಲ್ಲಿ. ಇಮೇಲಿನ ಪಟ್ಟಿ ನಿಜವಾಗಿ ಕೆಲಸಕ್ಕೆ ಬರುವುದು ಊರು ಬಿಟ್ಟವರ ವಿಷಯದಲ್ಲಿ. ಹೊರನಾಡಿನ ಕನ್ನಡಿಗರಿಗೆ ಕೋಡುಬಳೆ, ಚಕ್ಕುಲಿ ಕಳಿಸುವ ಅಂತರ್ಜಾಲದ ಅಂಗಡಿಗೆ ಗೌರಿ-ಗಣೇಶ ಮತ್ತು ದೀಪಾವಳಿಯ ಮುಂಚೆ ಬರೆಯುವ ಪತ್ರಕ್ಕೆ ಪಂಚಾಂಗವೇ ಕಾರಣವನ್ನು ಒದಗಿಸುತ್ತದೆ.

ಪತ್ರ ತೆರೆದವರ ಎಣಿಕೆಯನ್ನು ಯಶಸ್ಸಿನ ಅಳತೆಯಾಗಿ ಹಿಡಿಯುವ ಅಭ್ಯಾಸಕ್ಕೆ 2021ರಲ್ಲಿ ಹೊಡೆತ ಬಿದ್ದಿತು: ಆಪಲ್ ಕಂಪನಿಯ ಅಂಚೆ ವ್ಯವಸ್ಥೆಯು, ಪತ್ರ ತೆರೆದುದನ್ನು ಕಳಿಸಿದವರಿಗೆ ಗುಟ್ಟಾಗಿ ತಿಳಿಸುವ ಅಡಗುಚಿತ್ರಗಳನ್ನು ತಾನೇ ಮೊದಲು ಇಳಿಸಿಕೊಂಡು ಆ ಎಣಿಕೆಯನ್ನು ನಂಬಲಾಗದಂತೆ ಮಾಡಿತು. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ದೊಡ್ಡ ಪ್ರಮಾಣದಲ್ಲಿ ಪತ್ರ ಕಳಿಸುವವರಿಗೆ, ಒಂದೇ ಒತ್ತಿನಿಂದ ಹೆಸರು ತೆಗೆಸಿಕೊಳ್ಳುವ ಸೌಲಭ್ಯವನ್ನು ಕಡ್ಡಾಯಗೊಳಿಸಿ, ಬೇಡದ ಪತ್ರವೆಂದು ದೂರುವವರ ಪ್ರಮಾಣವು 1,000ಕ್ಕೆ 3ನ್ನು ಮುಟ್ಟಬಾರದೆಂದು ಗೊತ್ತುಪಡಿಸಿದವು. ಆ ಮಿತಿ ಮೀರಿದವರ ಪತ್ರಗಳು, ಅವರ ತಿಂಡಿ ಎಷ್ಟೇ ಪ್ರಸಿದ್ಧವಾಗಿದ್ದರೂ, ಓದುಗರ ಪೆಟ್ಟಿಗೆಯ ಮುಂಭಾಗಕ್ಕೆ ತಲುಪುವ ಭರವಸೆಯಿಲ್ಲ.