ನ್ಯಾಯಾಲಯದ ಕಡತಗಳ ಪರಿಭಾಷೆ

ಭಾರತದ ಸಿವಿಲ್ ನ್ಯಾಯಾಲಯಗಳ ಕಡತಗಳಲ್ಲಿ ಕಾಣಬರುವ ಪಾರಿಭಾಷಿಕ ಶಬ್ದಗಳು ಬಹುಮಟ್ಟಿಗೆ 1908ನೆಯ ಇಸವಿಯ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ಆಧರಿಸಿದವು. ದಾವೆ ಹೂಡಿದವನು ವಾದಿ, ಎದುರು ನಿಂತವನು ಪ್ರತಿವಾದಿ; ಅವನ ವಾದಪತ್ರದಲ್ಲಿ ಪ್ರತಿಪಾದಿತವಾಗಿ ಇವನ ಲಿಖಿತ ಹೇಳಿಕೆಯಲ್ಲಿ ನಿರಾಕೃತವಾದ ಸಂಗತಿಗಳೇ ವಿವಾದಾಂಶಗಳೆನಿಸಿ, ಸಾಕ್ಷ್ಯವೂ ವಾದವೂ ಅವುಗಳ ಮೇಲೆಯೇ ನಡೆಯತಕ್ಕವಾದುದರಿಂದ, ಹಳೆಯ ಕಡತವನ್ನು ತೆರೆದವನು ಮೊದಲು ವಿವಾದಾಂಶಗಳ ಪುಟವನ್ನು ಹುಡುಕುವುದು ಲೇಸು.

ತೀರ್ಪು, ಡಿಕ್ರಿ, ಆದೇಶ ಎಂಬ ಮೂರನ್ನೂ ಜನ ಒಂದೆಂದೇ ಭಾವಿಸುವುದುಂಟು. ನ್ಯಾಯಾಧೀಶರು ತಮ್ಮ ನಿರ್ಣಯಕ್ಕೆ ಕೊಡುವ ಕಾರಣಗಳ ನಿರೂಪಣೆ ತೀರ್ಪು. ಅದನ್ನನುಸರಿಸಿ ಪಕ್ಷಕಾರರ ಹಕ್ಕುಗಳನ್ನು ನಿರ್ಣಾಯಕವಾಗಿ ಸಾರುವ ವಿಧ್ಯುಕ್ತ ಲೇಖ್ಯ ಡಿಕ್ರಿ. ಡಿಕ್ರಿಯಲ್ಲದ ಇತರ ವಿಧ್ಯುಕ್ತ ನಿರ್ಣಯ ಆದೇಶ. ಅಮಲ್ಜಾರಿಗೆ ಬರುವುದು ಡಿಕ್ರಿಯೇ ಹೊರತು ತೀರ್ಪಲ್ಲ.

ಡಿಕ್ರಿಯಲ್ಲಿಯೂ ಪ್ರಾಥಮಿಕ, ಅಂತಿಮ ಎಂಬ ಭೇದವುಂಟು; ಅದನ್ನರಿಯದೆ ಜನ ಅತ್ಯಧಿಕವಾಗಿ ಕಷ್ಟಕ್ಕೊಳಗಾಗುವುದು ಪಾಲುವಿಭಾಗದ ದಾವೆಗಳಲ್ಲಿ. ಇಂಥವನಿಗೆ ಮೂರರಲ್ಲೊಂದು ಭಾಗ ಸಲ್ಲತಕ್ಕದ್ದೆಂದು ಘೋಷಿಸುವ ಪ್ರಾಥಮಿಕ ಡಿಕ್ರಿಯು ಪಾಲಿನ ಪ್ರಮಾಣವನ್ನು ಹೇಳೀತೇ ವಿನಾ ಯಾವ ಗದ್ದೆಯ ಯಾವ ಮಗ್ಗುಲು ಯಾರದೆಂಬುದನ್ನು ಹೇಳದು. ಕಂದಾಯಕ್ಕೊಳಪಟ್ಟ ಜಮೀನನ್ನು ಸಂಹಿತೆಯ 54ನೆಯ ಪ್ರಕರಣದ ಮೇರೆಗೆ ಜಿಲ್ಲಾಧಿಕಾರಿಯೋ ಆತನಿಂದ ನಿಯುಕ್ತನಾದ ಗೆಜೆಟೆಡ್ ಅಧಿಕಾರಿಯೋ ವಿಭಾಗಿಸಬೇಕು; ಮನೆ ಮೊದಲಾದವುಗಳ ವಿಷಯದಲ್ಲಾದರೋ, ನ್ಯಾಯಾಲಯದ ಕಮಿಷನರು ಅಳೆದು ವರದಿಯೊಪ್ಪಿಸಿದ ತರುವಾಯ ಅಂತಿಮ ಡಿಕ್ರಿ ಹೊರಡುತ್ತದೆ. ಈ ನಡುವೆ ಪಕ್ಷಕಾರನೊಬ್ಬ ಮೃತನಾಗಿ ಪಾಲುಗಳು ವ್ಯತ್ಯಸ್ತವಾದರೆ ಮತ್ತೊಂದು ಪ್ರಾಥಮಿಕ ಡಿಕ್ರಿಯನ್ನು ಮಾಡಲು ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ನಿರ್ಣಯಿಸಿತು. ಪ್ರಾಥಮಿಕ ಡಿಕ್ರಿಯ ನಕಲನ್ನೇ ಸ್ವಾಧೀನದ ಹಕ್ಕುಪತ್ರವೆಂದು ನಂಬಿ ಪೆಟ್ಟಿಗೆಯಲ್ಲಿಟ್ಟುಕೊಂಡ ಕುಟುಂಬಗಳಿಗೆ ಈ ಭೇದವನ್ನು ತಿಳಿಯಹೇಳುವುದು ವಕೀಲರ ಪ್ರಥಮ ಕರ್ತವ್ಯಗಳಲ್ಲೊಂದು.

ಡಿಕ್ರಿ ಪಡೆದವನು ಡಿಕ್ರೀದಾರ. ಅದು ಯಾರ ವಿರುದ್ಧವೋ ಅವನು, ಹಣದ ಬಾಕಿಯೇ ಇಲ್ಲದಿದ್ದರೂ, ತೀರ್ಪುಋಣಿ. ಅಮಲ್ಜಾರಿಗೆ 1963ರ ಕಾಲಪರಿಮಿತಿ ಅಧಿನಿಯಮವು 12 ವರ್ಷಗಳ ಅವಧಿಯನ್ನು ವಿಧಿಸಿದೆ. ಶಾಶ್ವತ ನಿರ್ಬಂಧಕಾಜ್ಞೆಯ ಡಿಕ್ರಿಗೆ ಈ ಮಿತಿಯಿಲ್ಲ.

‘ವಜಾ’ ಎಂಬ ಷರಾವನ್ನು ಎಚ್ಚರದಿಂದ ಓದಬೇಕು. ವಿಚಾರಣೆಯಾಗಿ ಗುಣಾವಗುಣಗಳ ಮೇಲೆ ವಜಾ ಆದ ದಾವೆಯ ವಿವಾದಾಂಶವನ್ನು ಅದೇ ಪಕ್ಷಕಾರರು ಪುನಃ ಎತ್ತದಂತೆ 11ನೆಯ ಪ್ರಕರಣದ ಪ್ರಾಙ್ನ್ಯಾಯ ತತ್ತ್ವ ತಡೆಯುತ್ತದೆ. ಪ್ರತಿವಾದಿ ಹಾಜರಿದ್ದು ವಾದಿ ಗೈರುಹಾಜರಾದ ಕಾರಣ ವಜಾ ಆದುದಾದರೆ, ಅದೇ ಕಾರಣಕ್ಕೆ ಹೊಸ ದಾವೆ ಸಲ್ಲದಿದ್ದರೂ, ಸಮರ್ಪಕ ಕಾರಣವನ್ನು ತೋರಿ 30 ದಿನಗಳೊಳಗೆ ಅದನ್ನು ಮರಳಿ ಕಡತಕ್ಕೆ ತೆಗೆದುಕೊಳ್ಳುವಂತೆ ಪ್ರಾರ್ಥಿಸಬಹುದು. ಪ್ರತಿವಾದಿಯ ಗೈರುಹಾಜರಿಯಲ್ಲಿ ಆದ ಏಕಪಕ್ಷೀಯ ಡಿಕ್ರಿಯ ರದ್ದತಿಗೂ ಅವಧಿ ಅಷ್ಟೇ. ಆದರೆ ಸಮನ್ಸು ಕ್ರಮವಾಗಿ ಜಾರಿಯಾಗಿರದಿದ್ದ ಪಕ್ಷದಲ್ಲಿ ಆ 30 ದಿನಗಳು ಅವನಿಗೆ ಡಿಕ್ರಿಯ ವಿಷಯ ತಿಳಿದಂದಿನಿಂದ ಮೊದಲಾಗುತ್ತವೆ.