ಅಪಸ್ಮಾರ: ಭಯದಿಂದ ತಿಳಿವಿಗೆ

ಬೀದಿಯಲ್ಲಿ ಯಾರಾದರೂ ಮೂರ್ಛೆರೋಗದಿಂದ ಬಿದ್ದರೆ ನಾವು ಓಡಿಹೋಗಿ ಅವರ ಕೈಗೆ ಬೀಗದಕೈ ಹಿಡಿಸುತ್ತೇವೆ. ಕಬ್ಬಿಣಕ್ಕೆ ಭೂತ ಅಂಜುವುದೆಂಬ ಪುರಾತನ ನಂಬಿಕೆಯ ನೆರಳು ಇದು. ಆದರೆ ಆ ನಂಬಿಕೆಯನ್ನು ಅಲ್ಲಗಳೆದವರೂ ಪುರಾತನರೇ. ಹಿಪೊಕ್ರಾಟಿಸನ ಹೆಸರಿನಲ್ಲಿ ಉಳಿದಿರುವ, ಕ್ರಿ. ಪೂ. 400ರ ಸುಮಾರಿನ ಗ್ರೀಕ್ ಗ್ರಂಥವೊಂದು, ಜನರು ‘ಪವಿತ್ರ ರೋಗ’ವೆನ್ನುತ್ತಿದ್ದ ಈ ವ್ಯಾಧಿಯು ಮಿಕ್ಕ ರೋಗಗಳಿಗಿಂತ ಹೆಚ್ಚು ದೈವಿಕವಲ್ಲವೆಂದೂ ಅದರ ನೆಲೆ ಮಿದುಳೆಂದೂ ಸಾರಿತು. ನಮ್ಮ ಚರಕಸಂಹಿತೆಯು ಇದನ್ನು ಅಪಸ್ಮಾರ, ಎಂದರೆ ಸ್ಮೃತಿಯ ಲೋಪವೆಂದು ಕರೆದು, ವಾತಾದಿ ದೋಷಗಳಂತೆ ವಿಂಗಡಿಸಿ ಚಿಕಿತ್ಸೆ ಹೇಳಿತು.

1873ರಲ್ಲಿ ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ನರು, ಮಿದುಳಿನ ಕಣಗಳಿಂದ ಹಠಾತ್ತಾಗಿ ಹೊಮ್ಮುವ ಅತಿಶಕ್ತಿಯೇ ಈ ಸೆಳವೆಂದು ವಿವರಿಸಿದರು. 1929ರಲ್ಲಿ ಜರ್ಮನಿಯ ಹಾನ್ಸ್ ಬರ್ಗರರು ಮಾನವ ಮಿದುಳಿನ ವಿದ್ಯುತ್ತರಂಗಗಳ ರೇಖೆಯನ್ನೇ ಪ್ರಕಟಿಸಿದರು. 1912ರಲ್ಲಿ ಫೀನೋಬಾರ್ಬಿಟಾಲ್, 1938ರಲ್ಲಿ ಫೆನಿಟಾಯಿನ್ ಔಷಧಗಳು ಚಿಕಿತ್ಸೆಗೆ ದೊರೆತವು.

ತಿಳಿವು ಬೆಳೆದಷ್ಟು ಬೇಗ ನ್ಯಾಯವು ಬೆಳೆಯಲಿಲ್ಲ. ನಮ್ಮ ಹಿಂದೂ ವಿವಾಹ ಕಾಯಿದೆಯು ಅಪಸ್ಮಾರವನ್ನು ಉನ್ಮಾದದ ಪಕ್ಕದಲ್ಲಿರಿಸಿ, ಅದುಳ್ಳವರನ್ನು ವಿವಾಹಕ್ಕೆ ಅನರ್ಹರೆನ್ನುತ್ತಿತ್ತು. ಆ ಪದವನ್ನು ತೆಗೆದುಹಾಕಿದ್ದು 1999ರಲ್ಲಿ. ಕಾಯಿದೆ ತಿದ್ದಿತು, ಮನೆಗಳಲ್ಲಿ ರೋಗವನ್ನು ಮುಚ್ಚಿಡುವ ಸಂಕೋಚ ಇನ್ನೂ ತಿದ್ದಬೇಕಾಗಿದೆ. ಮುಚ್ಚಿಟ್ಟಲ್ಲಿ ಔಷಧವೂ ತಪ್ಪುವುದು. ಕ್ರಮವಾಗಿ ಔಷಧ ಸೇವಿಸುವ ಬಹುಮಂದಿ ಓದು, ಉದ್ಯೋಗ, ಸಂಸಾರಗಳನ್ನು ಎಲ್ಲರಂತೆ ನಡೆಸಬಲ್ಲರು.

ಇನ್ನು ಮುಂದೆ ಅಂಥ ಸಂದರ್ಭ ಒದಗಿದರೆ ಬೀಗದಕೈ ನಮ್ಮ ಜೇಬಿನಲ್ಲೇ ಇರಲಿ. ಬಿದ್ದವರ ತಲೆಯಡಿ ಮೆತ್ತನೆಯ ಬಟ್ಟೆಯಿಟ್ಟು, ಪಕ್ಕಕ್ಕೆ ಹೊರಳಿಸೋಣ, ಬಾಯಿಗೆ ಏನನ್ನೂ ಹಾಕದಿರೋಣ, ಗಡಿಯಾರ ನೋಡೋಣ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯೋಣ. ಎಚ್ಚರವಾಗುವವರೆಗೆ ಬಳಿಯಲ್ಲಿದ್ದು, ಕಣ್ತೆರೆದಾಗ ಅವರ ಹೆಸರು ಹಿಡಿದು ಮೆಲ್ಲನೆ ಮಾತನಾಡಿಸೋಣ.