ನೋಟಿಸ್ ಪೀರಿಯಡ್ ಯಾರಿಗೆ?

ಕೆಲಸ ಬಿಡೋವಾಗ ನಾವು ಕಂಪನಿಗೆ ನೋಟಿಸ್ ಕೊಡ್ತೀವಿ, ಹ್ಯಾಂಡೋವರ್ ಮಾಡ್ತೀವಿ, ಕೊನೇ ದಿನ ಕೇಕ್ ತಿಂತೀವಿ. ಆದ್ರೆ ಕೆಲಸ ಬಿಡ್ತಿರೋರು ಸಮಾಜ ಕಾರ್ಯಕರ್ತೆ ಆಗಿದ್ರೆ? ವಾರವಾರ ಅವರ ಮುಂದೆ ಕೂತು ಮನೆ ಕಷ್ಟ ಹೇಳಿಕೊಂಡ ಮಗುವಿಗೆ ನೋಟಿಸ್ ಕೊಡೋರು ಯಾರು?

ಈ ಪ್ರಶ್ನೆಯನ್ನು ಗಂಭೀರವಾಗಿ ತಗೊಂಡವರಲ್ಲಿ ಒಬ್ಬರು ಅಮೆರಿಕದ ಜೆಸ್ಸಿ ಟಾಫ್ಟ್. 1913ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಇವರು, ಆಮೇಲೆ ಫಿಲಡೆಲ್ಫಿಯಾದಲ್ಲಿ, ಹೆತ್ತವರಿಂದ ದೂರವಾಗಿ ಬೇರೆಯವರ ಮನೇಲಿ ಬೆಳೀತಿದ್ದ ಮಕ್ಕಳ ಜೊತೆ ಕೆಲಸ ಮಾಡಿದ್ರು. ಒಮ್ಮೆ ಆಗ್ಲೇ ಎಲ್ಲರನ್ನೂ ಬಿಟ್ಟು ಬಂದಿರೋ ಮಕ್ಕಳು. ಇನ್ನೊಬ್ಬರು ಹೇಳದೇ ಹೋದ್ರೆ ಅವರಿಗೆ ಏನನ್ಸುತ್ತೆ, ಯೋಚಿಸಿ.

1920ರ ದಶಕದಲ್ಲಿ ಟಾಫ್ಟ್‌ಗೆ ಆಟೋ ರ‍್ಯಾಂಕ್ ಪರಿಚಯ ಆಯ್ತು. ರ‍್ಯಾಂಕ್, ವಿಯೆನ್ನಾದಲ್ಲಿ ಫ್ರಾಯ್ಡ್ ಅವರ ಆಪ್ತವಲಯದಲ್ಲಿದ್ದು ಮುಂದೆ ದೂರವಾದವರು. ಚಿಕಿತ್ಸೆಗೆ ಕೊನೆಯ ದಿನ ಅಂತ ಒಂದನ್ನು ಗೊತ್ತು ಮಾಡಬೇಕು ಅನ್ನೋದು ಅವರ ವಾದ. ಟಾಫ್ಟ್ ಅದನ್ನು ಸಮಾಜಕಾರ್ಯಕ್ಕೆ ತಂದ್ರು. 1933ರ ತಮ್ಮ ಪುಸ್ತಕದಲ್ಲಿ ಅವರು ಗಮನ ಕೊಟ್ಟಿದ್ದು ಸಮಯದ ಮೇಲೆ: ಒಬ್ಬರು ಬೇಗ ಬರ್ತಾರೆ, ಒಬ್ಬರು ತಡವಾಗಿ, ಇನ್ನೊಬ್ಬರು ಗಂಟೆ ಮುಗಿದ್ರೂ ಏಳಲ್ಲ. ಮುಗಿಯೋದನ್ನು ಮನುಷ್ಯ ಹೇಗೆ ಎದುರಿಸ್ತಾನೆ ಅನ್ನೋದು ಅಲ್ಲೇ ಕಾಣುತ್ತೆ ಅಂದ್ರು.

ಇಲ್ಲಿ ನನಗೊಂದು ತಕರಾರಿದೆ. ಟಾಫ್ಟ್ ಹೇಳೋ ಕೊನೆ, ಬಂದವರಿಗಾಗಿ ಯೋಚಿಸಿ ಇಟ್ಟಿದ್ದು. ರಾಜೀನಾಮೆ ಹಾಗಲ್ಲ, ಸಂಬಳ, ಮದುವೆ, ವರ್ಗಾವಣೆ, ಪ್ರಾಜೆಕ್ಟ್ ದುಡ್ಡು ಖಾಲಿ ಆಗೋದು, ಎಲ್ಲವೂ ಕಾರ್ಯಕರ್ತರ ಕಡೆಯ ಕಾರಣ. ಅಮೆರಿಕದ ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಂಘ 1996ರ ನೀತಿಸಂಹಿತೆಯಲ್ಲಿ ಇದನ್ನೇ ಬರೆದಿಟ್ಟಿತು: ಕೆಲಸ ಬಿಡೋರು, ಮುಂದೆ ಸೇವೆ ಎಲ್ಲೆಲ್ಲಿ ಸಿಗಬಹುದು, ಒಂದೊಂದು ದಾರಿಯ ಲಾಭ-ಅಪಾಯ ಏನು ಅಂತ ತಿಳಿಸಬೇಕು.

ಬಿಕಾಂ ಓದಿರೋ ನಂಗೆ ಬ್ಯಾಲೆನ್ಸ್ ಕ್ಯಾರಿ ಫಾರ್ವರ್ಡ್ ಮಾಡೋದು ಗೊತ್ತು. ಫೈಲ್ ಕೂಡ ಹಾಗೇ ಹೋಗುತ್ತೆ. ಆದ್ರೆ "ಅಪ್ಪ ಹೊಡೀತಾರೆ" ಅಂತ ಹೇಳೋಕೆ ಮಗುವಿಗೆ ಮೂರು ತಿಂಗಳು ಬೇಕಾಗಿದ್ರೆ, ಹೊಸಬರ ಮುಂದೆ ಅದನ್ನ ಮತ್ತೆ ಮೊದಲಿಂದ ಹೇಳಬೇಕಾ? ಅದಕ್ಕೇ ಕೆಲವು ವಾರ ಮುಂಚೆ ಹೇಳೋದು. ಹೊಸಬರನ್ನ ಪಕ್ಕದಲ್ಲೇ ಕೂರಿಸಿಕೊಂಡು ಪರಿಚಯ ಮಾಡಿಸೋದು. ಫೈಲ್‌ನಲ್ಲಿರೋ ಯಾವ ಮಾತನ್ನ ಅವರಿಗೆ ತಿಳಿಸಲಿ ಅಂತ ಮಗುವನ್ನೇ ಕೇಳೋದು. "ಮತ್ತೆ ಬರ್ತೀನಿ" ಅಂತ ಸುಳ್ಳು ಹೇಳದೇ ಇರೋದು.

ಸಿಟ್ಟಾಗಿ ಮಗು ಕೊನೇ ಭೇಟಿಗೆ ಬರದೇ ಇರಬಹುದು. ಆಗಲೂ ಆ ಗಂಟೆ ಪೂರ್ತಿ ಅಲ್ಲೇ ಕಾಯಬೇಕು, ಬಾಗಿಲು ತೆಗೆದಿಟ್ಟು.